ಈ ಫೋನ್ ನಿಮ್ಮದೇನಾ?

"ಶನಿವಾರಕ್ಕೆ ನಿಂದು ಎಕ್ಸ್‌ಪೈರ್ ಆಗತ್ತೆ," ಅಂದರು ಲಾವಣ್ಯಕ್ಕ.

ನಾನು ಅವರ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಎಕ್ಸ್‌ಪೈರ್ ಅನ್ನುವ ಮಾತನ್ನು ಆ ಮನೆಯಲ್ಲಿ ಹಾಲಿಗೆ, ಮೊಸರಿಗೆ, ಮಾತ್ರೆಗೆ ಹೇಳುತ್ತಿದ್ದರು. ಅವತ್ತು ನನಗೆ ಹೇಳಿದರು.

ಅವರು ಹೇಳಿದ್ದು ನನ್ನ ಬ್ಯಾಂಕ್ ಸರ್ಟಿಫಿಕೇಟ್ ವಿಷಯ. ನಂಜನಗೂಡಿನ ಬ್ಯಾಂಕೊಂದರಲ್ಲಿ ನನ್ನ ಖಾತೆ ಇದೆ. ಸಂಬಳ ಅಲ್ಲಿಗೆ ಬೀಳುತ್ತದೆ. ಅದನ್ನು ತೆರೆಯಬೇಕಾದರೆ ಫೋನಿನಲ್ಲಿ ಒಂದು ಡಿಜಿಟಲ್ ಸರ್ಟಿಫಿಕೇಟ್ ಇರಬೇಕು. ಒಬ್ಬರಿಗೆ ಒಂದೇ, ಒಂದೇ ಫೋನಿನಲ್ಲಿ, ಒಂದೇ ವರ್ಷ. ವರ್ಷಕ್ಕೊಮ್ಮೆ ಖಾತೆಯವಳು ವಿಡಿಯೋದಲ್ಲಿ ಮುಖ ತೋರಿಸಿ, ಹೆಸರು ಹೇಳಿ ಅದನ್ನು ಹೊಸದು ಮಾಡಿಸಬೇಕು. ನನ್ನದು ಇದ್ದದ್ದು ಲಾವಣ್ಯಕ್ಕನ ಫೋನಿನಲ್ಲಿ. ಮುಖ ನನ್ನದು, ಹೆಸರು ನನ್ನದು, ಪಿನ್ನು ಅವರದು.

"ಹೇಗೂ ರಿನ್ಯೂ ಮಾಡಿಸ್ಬೇಕಲ್ಲ, ಅದನ್ನ ಮಂಜರಿ ಫೋನಿಗೇ ಟ್ರಾನ್ಸ್‌ಫರ್ ಮಾಡಿಬಿಡೋಣ. ಎರಡೂ ಒಟ್ಟಿಗೆ ಆಗೋಗತ್ತೆ."

"ಮಂಜರಿ ಅಕ್ಕನ ಫೋನಿಗೆ ಯಾಕಕ್ಕ?"

"ನೀನು ಲಿಸ್ಲ್‌ಗೆ ಹೋಗ್ತಿದೀಯಲ್ಲ. ಅವಳಿಗೀಗ ಎಂಟು ತಿಂಗಳು. ಬಾಣಂತನ ಯಾರು ಮಾಡ್ತಾರೆ? ಅತ್ತೆನೂ ಮಗಳ ಮನೇಲೇ ಇರ್ತಾರೆ. ಶನಿವಾರ ಅವರ ಕಾರಲ್ಲೇ ಹೊರಡೋದು. ಹೇಳಿರ್ಲಿಲ್ವಾ ನಿನಗೆ?"

ಹೇಳಿರಲಿಲ್ಲ. ಬೆಕ್ಕಿನ ಮರಿಯನ್ನು ಬೇರೆ ಮನೆಗೆ ಕೊಡುವಾಗಲೂ ಅದರ ತಲೆ ಸವರಿ ಒಂದು ಮಾತು ಹೇಳುತ್ತಾರೆ. ನಾವಿದ್ದ ಅಮೆರಿಕದ ನೋವೈ ಊರಿನಿಂದ ಮಂಜರಿ ಅಕ್ಕನ ಲಿಸ್ಲ್‌ಗೆ ಮುನ್ನೂರು ಮೈಲಿ. ನಾನು ಹೋಗುವುದು, ನನ್ನ ಹಿಂದೆ ನನ್ನ ಸರ್ಟಿಫಿಕೇಟೂ ಹೋಗುವುದು, ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬೀಗದ ಕೈ ಹೋದ ಹಾಗೆ.

ನಾನು ಯಾರು ಅಂತ ಇಲ್ಲೇ ಹೇಳಿಬಿಡುತ್ತೇನೆ. ಆ ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ನನ್ನ ಹೆಸರು ತಾಯಮ್ಮ. ನಂಜನಗೂಡು ತಾಲ್ಲೂಕಿನ ಹೊಸಪುರದ ಹೊಲಗೇರಿಯವಳು. ಎಸ್ಸೆಸ್ಸೆಲ್ಸಿವರೆಗೆ ಓದಿದೆ. ಕಟ್ಟಿಕೊಂಡವನು ಬಿಟ್ಟು ಹೋದ ಮೇಲೆ ಮೈಸೂರಿಗೆ ಬಂದು, ಲಾವಣ್ಯಕ್ಕನ ತವರುಮನೆಯಲ್ಲಿ ಎಂಟು ವರ್ಷ ಪಾತ್ರೆ ತಿಕ್ಕಿದೆ. ಹಿತ್ತಿಲ ಬಾಗಿಲಿನಿಂದ ಬಂದು ಹಿತ್ತಿಲ ಬಾಗಿಲಿನಿಂದಲೇ ಹೋಗುತ್ತಿದ್ದೆ. ಅಡುಗೆಮನೆಯ ಹೊಸ್ತಿಲು ದಾಟಿದವಳಲ್ಲ.

ನೋವೈಯಲ್ಲಿ ಲಾವಣ್ಯಕ್ಕನ ಅತ್ತೆ ಇಂದುಮತಿ ಅಮ್ಮಾವ್ರು ಸೊಂಟ ಮುರಿದುಕೊಂಡರು. ನೋಡಿಕೊಳ್ಳಲು ಜನ ಬೇಕಾಯಿತು. ಅಮೆರಿಕದ ಜನಕ್ಕೆ ಗಂಟೆಗಿಷ್ಟು ಅಂತ ಕೊಡಬೇಕು, ನನಗೆ ಹಾಗೆ ಕೊಡಬೇಕಾಗಿಲ್ಲ. ಕಾಗದ ಪತ್ರ ಎಲ್ಲ ಮಾಡಿಸಿ ಕರೆದುಕೊಂಡು ಬಂದರು. ವಿಮಾನ ಹತ್ತುವ ಮುಂಚೆ ಇಡ್ಲಿ ಕೊಡಿಸಿ ಹೇಳಿದರು: "ಅಲ್ಲಿ ನಿನ್ನ ಹೆಸರು ಶಾರದ. ಅತ್ತೆ ಕೇಳಿದ್ರೆ ನಮ್ಮೋರೇ ಅನ್ನು. ಅವರಿಗೆ ಮಡಿ ಜಾಸ್ತಿ. ಗೊತ್ತಾದ್ರೆ ಊಟ ಬಿಟ್ಟುಬಿಡ್ತಾರೆ. ನನಗೇನೂ ಇಲ್ಲಪ್ಪ, ನನಗೆ ಎಲ್ಲರೂ ಒಂದೇ."

ಎಲ್ಲರೂ ಒಂದೇ ಆದರೆ ಒಬ್ಬಳ ಹೆಸರು ಮಾತ್ರ ಯಾಕೆ ಬದಲಾಗಬೇಕು? ಆಗ ಕೇಳಲಿಲ್ಲ. ಬಾಯಲ್ಲಿ ಅವರು ಕೊಡಿಸಿದ ಇಡ್ಲಿ ಇತ್ತು.

ಮೂರು ವರ್ಷ ಶಾರದ ಆಗಿದ್ದೆ. ಬೆಳಗ್ಗೆ ಐದಕ್ಕೆ ಏಳುವುದು. ಕಾಫಿ, ತಿಂಡಿ, ಮಧ್ಯಾಹ್ನದ ಡಬ್ಬಿ. ಅಮ್ಮಾವ್ರನ್ನು ಹಾಸಿಗೆಯಿಂದ ಎತ್ತುವುದು, ಕಕ್ಕಸಿಗೆ ಕೂರಿಸುವುದು, ತೊಳೆಯುವುದು, ಸ್ನಾನ ಮಾಡಿಸುವುದು, ಮಡಿ ಸೀರೆ ಉಡಿಸುವುದು. ನಾಲ್ಕು ಬಾತ್‌ರೂಮು ತಿಕ್ಕುವುದು. ಹಿಮ ಬಿದ್ದ ದಿನ ಅದು ಕರಗಲು ಮನೆ ಮುಂದಿನ ಡ್ರೈವ್‌ವೇಗೆ ಉಪ್ಪು ಎರಚುವುದು. ಬ್ಲೀಚು, ಉಪ್ಪು, ಚಳಿ ಸೇರಿ ಬೆರಳ ಸಂದು ಸೀಳಿ ರಕ್ತ ಬರುತ್ತಿತ್ತು. ಅದೇ ಕೈಯಲ್ಲಿ ಚಪಾತಿ ಹಿಟ್ಟು ನಾದಿದರೆ ಉರಿ ತಲೆಗೇರುತ್ತಿತ್ತು. ಹೊಡೆದವರಲ್ಲ, ಕೆಟ್ಟ ಮಾತು ಬೈದವರಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು. ಬಂದವರ ಮುಂದೆ "ನಮ್ಮ ಶಾರದ ಮನೆಯವಳ ಥರ" ಅನ್ನುತ್ತಿದ್ದರು. ಮನೆಯವಳ ಥರ ಅನ್ನುವುದು ಮನೆಯವಳಿಗೆ ಹೇಳುವ ಮಾತಲ್ಲ.

ಇದನ್ನೆಲ್ಲ ಹೊತ್ತೆ. ಹೊರಲಾಗದೆ ಹೋದದ್ದು ಒಂದು.

ಹೋದ ವರ್ಷ ಅವ್ವನ ಎಡಗಣ್ಣು ಕೆಂಪಾಗಿ ಊದಿತು. ಒಳಗೆ ಒತ್ತಡ ಏರಿದೆ, ಒಂದು ವಾರದೊಳಗೆ ಆಪರೇಷನ್ ಆಗಬೇಕು ಅಂದರಂತೆ ಮೈಸೂರಿನ ಡಾಕ್ಟರು. ತಮ್ಮ ಫೋನ್ ಮಾಡಿ ಅತ್ತ. ನನ್ನ ಖಾತೆಯಲ್ಲಿ ದುಡ್ಡಿತ್ತು, ನನ್ನ ಕೈಯಲ್ಲಿ ಇರಲಿಲ್ಲ. ಲಾವಣ್ಯಕ್ಕನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದೆ.

"ನೋಡೋಣ ಶಾರದ. ಈ ವಾರ ಆಫೀಸಲ್ಲಿ ರಿಲೀಸ್ ಇದೆ."

ಮುಂದಿನ ವಾರ ಮತ್ತೆ ನಿಂತೆ. "ವೀಕೆಂಡ್ ನೋಡೋಣ." ವೀಕೆಂಡು ಪಕ್ಕದೂರು ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಯಾರದ್ದೋ ಮಗುವಿನ ನಾಮಕರಣ. ಅವರ ಮನೆಗೆ ನಾನೇ ನೂರು ಹೋಳಿಗೆ ಮಾಡಿ ಕಳಿಸಿದೆ. ಮೂರನೇ ವಾರ ಅವರ ಬೆರಳಿಗೆ ಪುರುಸೊತ್ತಾಯಿತು. ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಕಣ್ಣು ಹೋಗಿತ್ತು.

"ಅಯ್ಯೋ ಪಾಪ, ಇನ್ನೊಂದ್ಸಲ ನೆನಪಿಸ್ಬಾರ್ದಿತ್ತಾ?" ಅಂದರು.

ಈಗ ಬಲಗಣ್ಣಿಗೆ ಅದೇ ಬಂದಿದೆ. ಡಾಕ್ಟರು ಮುಂದಿನ ತಿಂಗಳಿಗೆ ದಿನ ಕೊಟ್ಟಿದ್ದಾರೆ. ಸರ್ಟಿಫಿಕೇಟು ಲಿಸ್ಲ್‌ಗೆ ಹೋದರೆ ಅವ್ವನ ಇನ್ನೊಂದು ಕಣ್ಣು ಮಂಜರಿ ಅಕ್ಕನ ಬೆರಳಿನ ಪುರುಸೊತ್ತಿಗೆ ಕಾಯಬೇಕು. ಹಸಿ ಬಾಣಂತಿಗೆ ಪುರುಸೊತ್ತು ಎಲ್ಲಿಂದ ಬರುತ್ತದೆ?

ಲಿಸ್ಲ್ ಮಾತು ಬರುವ ಮುಂಚೆಯೇ ನನಗೆ ದಾರಿ ತೋರಿಸಿದ್ದವಳು ನೀಲಗಂಗಾ. ನೋವೈಯ ಇಂಡಿಯನ್ ದಿನಸಿ ಅಂಗಡಿಯಲ್ಲಿ ಕ್ಯಾಶ್ ಕೌಂಟರಿಗೆ ನಿಲ್ಲುವವಳು, ಇಳಕಲ್ ಕಡೆಯವಳು. ಲಾವಣ್ಯಕ್ಕ ಕಾರಿನಲ್ಲಿ ಕೂತು ಮೀಟಿಂಗ್ ಮಾಡುತ್ತಿದ್ದರೆ ನಾನು ಒಳಗೆ ಹೋಗಿ ಅಕ್ಕಿ ಮೂಟೆ ಹೊರುತ್ತಿದ್ದೆ. ಆ ಹತ್ತು ನಿಮಿಷ ಆ ಊರಿನಲ್ಲಿ ನನ್ನದು.

"ಏನವಾ, ಮಾರಿ ಯಾಕ ಸಣ್ಣ ಮಾಡ್ಕೊಂಡಿ?" ಅಂದಳು ಒಂದು ದಿನ. ಅವ್ವನ ಕಣ್ಣಿನ ವಿಷಯ ಹೇಳಿದೆ. ಕೌಂಟರಿನ ಡ್ರಾಯರನ್ನು ದಡಾರನೆ ಮುಚ್ಚಿದಳು.

"ಖಾತೆ ಯಾರ ಹೆಸರ್ಲೆ ಐತಿ?"

"ನಂದೇಯ."

"ಮತ್ತ ಸರ್ಟಿಫಿಕೇಟು?"

"ಅವ್ರ ಫೋನಲ್ಲದೆ."

"ಹುಚ್ಚಿ! ಮನಿ ನಿಂದು, ಚಾವಿ ಅಕಿ ಸೊಂಟದಾಗ. ಅಕಿ ಬಾಗಲಾ ತಗದಾಗ ನೀ ಒಳಗ ಹೋಗಬೇಕೇನು?"

ಅವಳ ಖಾತೆಯೂ ಊರಿನಲ್ಲಿ ಅದೇ ಬ್ಯಾಂಕಿನಲ್ಲಿತ್ತು. ನಾಲ್ಕು ಶನಿವಾರ, ಹತ್ತು ಹತ್ತು ನಿಮಿಷ, ನನಗೆ ಕಲಿಸಿದಳು. ಮೂಲೆ ಒಡೆದ ತನ್ನ ಹಳೆಯ ಫೋನು ಕೊಟ್ಟಳು, ಅದರಲ್ಲಿ ಬ್ಯಾಂಕಿನ ಆ್ಯಪ್ ಹಾಕಿಟ್ಟಳು. ಮನೆಯ ವೈಫೈ ಪಾಸ್‌ವರ್ಡನ್ನು ನೆಂಟರಿಗೆ ಅಂತ ಫ್ರಿಜ್ಜಿನ ಮೇಲೆ ಅಂಟಿಸಿದ್ದರು. ಬೇಸ್‌ಮೆಂಟಿನ ನನ್ನ ಹಾಸಿಗೆಯ ಕೆಳಗೆ ಆ ಫೋನು ಒಂದು ತಿಂಗಳಿಂದ ಇತ್ತು.

"ಒಂದ ಮಾತು ನೆನಪಿಟ್ಕೊ," ಅಂದಿದ್ದಳು ನೀಲಗಂಗಾ. "ವಿಡಿಯೋ ನಡದಾಗ ಬಾಜೂಕ ಯಾರೂ ಇರಂಗಿಲ್ಲ. ಇದ್ರ ಬ್ಯಾಂಕಿನವರು ಕಾಲ್ ಕಟ್ ಮಾಡ್ತಾರ, ಎಲ್ಲಾ ರದ್ದು. ಆ ಹತ್ತು ಮಿನಿಟ್ ಅಕಿ ನಿನ್ನ ಹತ್ರ ಸುಳಿಯಂಗಿಲ್ಲ. ತಿಳೀತಿಲ್ಲೋ?"

ತಿಳಿಯಿತು. ಆದರೂ ಶುಕ್ರವಾರ ಒಂದು ಸಲ ಬಾಯಿಬಿಟ್ಟು ಕೇಳಿದೆ. ಕೇಳದೆ ಮಾಡಿದಳು ಅನ್ನುವ ಮಾತು ಬರಬಾರದು.

"ಅಕ್ಕ, ಸರ್ಟಿಫಿಕೇಟನ್ನ ನನ್ನ ಕೈಗೇ ಕೊಟ್ಬಿಡಿ. ಒಂದು ಹಳೇ ಫೋನಲ್ಲಿ ಹಾಕ್ಕೊಡಿ ಸಾಕು."

ಲಾವಣ್ಯಕ್ಕ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನಕ್ಕರು. "ನಿನಗೆ ಅದೆಲ್ಲ ಅರ್ಥ ಆಗಲ್ಲ ಶಾರದ. ಹ್ಯಾಕ್ ಮಾಡಿಬಿಡ್ತಾರೆ. ನಿನ್ನ ಸೇಫ್ಟಿಗೇ ನಾವು ಇಟ್ಕೊಂಡಿರೋದು. ಮಂಜರಿ ನೋಡ್ಕೋತಾಳೆ ಬಿಡು."

ಅವತ್ತೇ ಸಂಜೆ ಮಂಜರಿ ಅಕ್ಕ ಗಂಡನ ಜೊತೆ ಬಂದಿಳಿದರು. ಲಾವಣ್ಯಕ್ಕನ ಗಂಡ ಕೃಷ್ಣಮೂರ್ತಿ ಸಾರ್ ಅವರ ತಂಗಿ. ಐದು ಗಂಟೆ ಕಾರಲ್ಲಿ ಕೂತು ಕಾಲು ಊದಿತ್ತು. ಬಿಸಿನೀರಲ್ಲಿ ಇಡಿಸಿ ಒತ್ತಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ನನಗಲ್ಲ, ಅತ್ತಿಗೆಗೆ ಕೇಳಿದರು: "ಸ್ಟ್ರಾಂಗ್ ಇದಾಳೆ ಅಲ್ವಾ? ಮಗುಗೆ ನೀರು ಹಾಕೋಕೆ ಬರತ್ತಾ ಇವಳಿಗೆ?" ಲಾವಣ್ಯಕ್ಕ, "ಎಲ್ಲಾ ಬರತ್ತೆ, ಹೇಳ್ಕೊಡೋ ಹಾಗೇ ಇಲ್ಲ," ಅಂದರು. ಸಂತೆಯಲ್ಲಿ ಎಮ್ಮೆಯ ಹಲ್ಲನ್ನಾದರೂ ಬಾಯಿ ತೆರೆಸಿ ನೋಡುತ್ತಾರೆ. ಇಲ್ಲಿ ಅದೂ ಇಲ್ಲ, ಮಾತಿನಲ್ಲೇ ವ್ಯಾಪಾರ ಮುಗಿಯಿತು.

ಶನಿವಾರ ಬೆಳಗ್ಗೆ ಎಂಟಕ್ಕೆ ಲಾವಣ್ಯಕ್ಕ ನನ್ನನ್ನು ಗರಾಜಿಗೆ ಕರೆದರು. ಭಾರತದಲ್ಲಿ ಆಗ ಸಂಜೆ ಐದೂವರೆ. ಬ್ಯಾಂಕಿನ ವಿಡಿಯೋ ಕೇಂದ್ರ ಏಳರವರೆಗೆ ತೆರೆದಿರುತ್ತದೆ. ಹಿಂದಿನ ಸಲಗಳೂ ಗರಾಜಿನಲ್ಲೇ ಆಗಿದ್ದು. ಬ್ಯಾಂಕಿನವರು ಹೆಸರು, ವಿಳಾಸ ಗಟ್ಟಿಯಾಗಿ ಹೇಳಿಸುತ್ತಾರೆ. ಅತ್ತೆಯ ಸೊಂಟ ಮುರಿದಿತ್ತೇ ಹೊರತು ಕಿವಿ ಚುರುಕಾಗಿತ್ತು.

ಎರಡು ಕಾರಿನ ನಡುವೆ, ಹಿಮ ಎತ್ತುವ ಸಲಿಕೆಗಳ ಪಕ್ಕ ಸ್ಟೂಲು ಹಾಕಿದ್ದರು. ಮಂಜರಿ ಅಕ್ಕನ ಹೊಸ ಫೋನು ಕಾರಿನ ಬಾನೆಟ್ ಮೇಲಿತ್ತು.

"ಈ ಫೋನ್ ನಿಮ್ಮದಾ ಅಂತ ಕೇಳ್ತಾರೆ, ಹೌದು ಅನ್ನು. ಹೊಸ ಫೋನೂ ನನ್ನದೇ ಅನ್ನು. ಅಡ್ರೆಸ್ ಮೆಲ್ಲಗೆ ಹೇಳು, ಗೊತ್ತಾಯ್ತಾ? ನಾನಿಲ್ಲೇ ಇರ್ತೀನಿ." ತಮ್ಮ ಫೋನನ್ನು ನನ್ನ ಕೈಗಿಟ್ಟು ಸಲಿಕೆಗಳ ಹಿಂದೆ ಸರಿದು ನಿಂತರು.

ತೆರೆಯ ಮೇಲೆ ಒಂದು ಹುಡುಗಿಯ ಮುಖ ಬಂತು. "ನಮಸ್ಕಾರ, ನಾನು ಭಾನು. ಸರ್ಟಿಫಿಕೇಟ್ ನವೀಕರಣ, ಜೊತೆಗೆ ಬೇರೆ ಫೋನಿಗೆ ವರ್ಗಾವಣೆ, ಅಲ್ವಾ? ಮೇಡಂ, ಅಲ್ಲಿ ಬೆಳಕು ಸಾಲ್ತಿಲ್ಲ. ನಿಮ್ಮ ಮುಖ ಫೋಟೋಗೆ ಹೊಂದ್ತಾ ಇಲ್ಲ."

ಲಾವಣ್ಯಕ್ಕ ಬಗ್ಗಿಕೊಂಡು ಓಡಿ ಕಾರಿನ ಹೆಡ್‌ಲೈಟು ಹಾಕಿದರು.

"ಈಗ ಮುಖನೇ ಕಾಣ್ತಿಲ್ಲ, ಬರೀ ಬಿಳಿ. ಯಾವುದಾದರೂ ಕಿಟಕಿ ಹತ್ತಿರ ಬನ್ನಿ ಮೇಡಂ."

ಸಲಿಕೆಗಳ ಹಿಂದಿನಿಂದ ಲಾವಣ್ಯಕ್ಕ ಬೇಡ ಬೇಡ ಅಂತ ಎರಡೂ ಕೈ ಆಡಿಸಿದರು. ಮಾತಾಡುವ ಹಾಗಿಲ್ಲ, ಭಾನುಗೆ ಕೇಳಿಸುತ್ತದೆ. ನನ್ನ ರಟ್ಟೆ ಹಿಡಿಯುವ ಹಾಗಿಲ್ಲ, ತೆರೆಯಲ್ಲಿ ಕೈ ಕಾಣುತ್ತದೆ. ನೀಲಗಂಗಾ ಹೇಳಿದ್ದು ಸುಳ್ಳಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವರು ನನಗೆ ಏನೂ ಹೇಳಲಾರದೆ ನಿಂತಿದ್ದರು. ನಾನು ಒಳಬಾಗಿಲು ತೆರೆದು ಅಡುಗೆಮನೆಗೆ ನಡೆದೆ.

ಅಡುಗೆಮನೆಗೆ ಸೇರಿದ ಹಾಗೆ ಊಟದ ಮೇಜು, ಅದರಾಚೆ ದೊಡ್ಡ ಕಿಟಕಿ. ಬಿಸಿಲು ಒಳಗೆ ಬಂದಿತ್ತು. ಅಮ್ಮಾವ್ರು ಬೆಳ್ಳಿ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. ಸಾರ್ ಪೇಪರು ಓದುವ ಹಾಗೆ ಫೋನು ಓದುತ್ತಿದ್ದರು. ಮಂಜರಿ ಅಕ್ಕ ಮೂರನೇ ಅಕ್ಕಿರೊಟ್ಟಿ ಮುರಿಯುತ್ತಿದ್ದರು. ಅವರ ಗಂಡ ಹೊರಗೆ ಕಾರಿಗೆ ಚೀಲ ತುಂಬುತ್ತಿದ್ದರು. ನಾನು ಕಿಟಕಿಗೆ ಮುಖ ಮಾಡಿ ನಿಂತೆ.

"ಈಗ ಚೆನ್ನಾಗಿ ಕಾಣ್ತಿದೆ. ನಿಮ್ಮ ಪೂರ್ತಿ ಹೆಸರು ಹೇಳಿ."

"ತಾಯಮ್ಮ."

"ತಂದೆ ಹೆಸರು?"

"ಚಿಕ್ಕಮಾದಯ್ಯ."

"ವಿಳಾಸ?"

ಮೂರು ವರ್ಷ ಮೆಲ್ಲಗೆ ಮಾತಾಡಿ ಗಂಟಲು ಕಟ್ಟಿತ್ತು. ನಮ್ಮ ಕೇರಿಯಲ್ಲಿ ಬೀದಿಯ ಆ ತುದಿಯಿಂದ ಈ ತುದಿಗೆ ಕೂಗಿ ಕರೆಯುವ ಗಂಟಲು ಅದು. ಅದನ್ನೇ ತೆಗೆದೆ.

"ಎ.ಕೆ. ಕಾಲೋನಿ! ಹೊಸಪುರ, ನಂಜನಗೂಡು ತಾಲ್ಲೂಕು!"

ಮೈಸೂರು ಸೀಮೆಯವರಿಗೆ ಎ.ಕೆ. ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದಿ ಕರ್ನಾಟಕ. ಊರಾಚೆಯ ಕೇರಿಗೆ ಸರ್ಕಾರ ಬರೆಸಿದ ಹೆಸರು.

ಬೆಳ್ಳಿ ಲೋಟ ಮೇಜಿನ ಮೇಲೆ ಕುಕ್ಕಿದ ಸದ್ದಾಯಿತು. "ಶಾರದ, ಯಾರ ವಿಳಾಸವೇ ಅದು?"

"ನಂದು ಅಮ್ಮಾವ್ರೆ."

"ಮೇಡಂ, ಪಕ್ಕದಲ್ಲಿ ಯಾರೋ ಮಾತಾಡ್ತಿದ್ದಾರೆ. ಯಾರೂ ಇರೋ ಹಾಗಿಲ್ಲ," ಅಂದಳು ಭಾನು.

"ಅವ್ರು ದೂರದಲ್ಲವ್ರೆ ಕನವ್ವ, ನಾಸ್ಟ ಮಾಡ್ತಾವ್ರೆ. ಕಿಟಕಿ ತಾವ ನಾ ಒಬ್ಳೇ ನಿಂತಿವ್ನಿ. ನೀವು ಕೇಳಿ."

ನನ್ನ ನಾಲಗೆ ನನಗೆ ವಾಪಸ್ ಬಂದಿತ್ತು. ಮೇಜಿನ ಕಡೆ ಎಲ್ಲ ಕೈಯೂ ನಿಂತಲ್ಲೇ ನಿಂತಿತ್ತು. ಹಿಂದೆಯೇ ಬಂದ ಲಾವಣ್ಯಕ್ಕ ಫ್ರಿಜ್ಜಿನ ಪಕ್ಕದಲ್ಲಿ ನಿಂತು ಮೊದಲು ಬೆರಳು ತೋರಿಸಿ ಹೆದರಿಸಿದರು. ಆಮೇಲೆ ಎರಡೂ ಕೈ ಜೋಡಿಸಿದರು. ಬಾಗಿಲಲ್ಲಿ ನಿಂತು ನಾನು ಕೈ ಜೋಡಿಸಿದ ದಿನಗಳೆಲ್ಲ ನೆನಪಾದವು. ಕರಗಲಿಲ್ಲ.

"ಈಗ ಮಾತಾಡ್ತಿರೋ ಈ ಫೋನ್ ನಿಮ್ಮದೇನಾ?"

"ಅಲ್ಲ."

ಭಾನು ಕಂಪ್ಯೂಟರಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. "ಯಾರದ್ದು ಮೇಡಂ?"

"ನಾ ಕೆಲ್ಸ ಮಾಡೋ ಮನೆಯವರದು."

"ನಿಮ್ಮ ಪಿನ್ ನಿಮಗೆ ಗೊತ್ತಿದೆಯಾ?"

"ಇಲ್ಲ. ಅವರ್ಗೆ ಗೊತ್ತು. ಇವತ್ತು ಇದನ್ನ ಇನ್ನೊಬ್ರ ಫೋನಿಗೆ ದಾಟಿಸ್ಬೇಕು ಅಂತವ್ರೆ. ಅದೂ ನಂದಲ್ಲ. ನಾ ಒಪ್ಪಕಿಲ್ಲ."

ಆ ಹುಡುಗಿ ಕೀಬೋರ್ಡಿನಲ್ಲಿ ಏನನ್ನೋ ಒತ್ತಿದಳು. ಆಮೇಲೆ ಅವಳ ದನಿ ಬೇರೆ ಆಯಿತು. "ನಿಮ್ಮದೇ ಅಂತ ಒಂದು ಫೋನ್ ಇದೆಯಾ ತಾಯಮ್ಮನವರೇ?"

ಸ್ವೆಟರಿನ ಜೇಬಿನಿಂದ ಮೂಲೆ ಒಡೆದ ಫೋನನ್ನು ತೆಗೆದು ತೋರಿಸಿದೆ. ಲಾವಣ್ಯಕ್ಕನ ಬಾಯಿ ತೆರೆದುಕೊಂಡಿತು.

ಮುಂದಿನದು ಐದು ನಿಮಿಷ. ಅವರ ಫೋನಿನಲ್ಲಿ ಎಂಟು ಅಂಕಿ ಬಂತು, ನನ್ನ ಫೋನಿನಲ್ಲಿ ಒತ್ತಿದೆ. ಎಡಕ್ಕೆ ತಿರುಗಿ ಅಂದಳು, ತಿರುಗಿದೆ. ಬಲಕ್ಕೆ ಅಂದಳು. ಕಣ್ಣು ಮಿಟುಕಿಸಿ ಅಂದಳು. ಹೊಸ ಪಿನ್ ಹಾಕಿ, ಯಾರಿಗೂ ಹೇಳಬೇಡಿ ಅಂದಳು. ಹಾಕಿದೆ. ಒಂದು ಅಂಕಿ ತಪ್ಪಿತು, ಮತ್ತೆ ಹಾಕಿದೆ.

"ಆಯ್ತು ತಾಯಮ್ಮನವರೇ. ನಿಮ್ಮ ಸರ್ಟಿಫಿಕೇಟ್ ಈಗ ನಿಮ್ಮ ಫೋನಿನಲ್ಲಿದೆ. ಹಳೇ ಫೋನಿನಲ್ಲಿ ಇನ್ನು ತೆರೆಯಲ್ಲ."

ಲಾವಣ್ಯಕ್ಕನ ಫೋನನ್ನು ಮೇಜಿನ ಮೇಲಿಟ್ಟೆ. "ತಕ್ಕಳಿ ಅಕ್ಕ. ಇದು ನಿಮ್ದು."

ಆಗ ಎಲ್ಲರ ಬಾಯಿಯ ಬೀಗವೂ ಬಿಚ್ಚಿತು. ಅಮ್ಮಾವ್ರು ಮೇಜು ಹಿಡಿದು ನನ್ನ ಆಸರೆ ಇಲ್ಲದೆ ಎದ್ದು ನಿಂತರು. "ಕೃಷ್ಣ, ಬಚ್ಚಲಿಗೆ ಕರ್ಕೊಂಡು ಹೋಗೋ. ತಲೆಗೆ ಸ್ನಾನ ಮಾಡ್ಬೇಕು. ಮೂರು ವರ್ಷ... ಅಯ್ಯೋ ದೇವರೇ, ಮೂರು ವರ್ಷ." ಅವರಿಗೆ ದಿನಾ ಸ್ನಾನ ಮಾಡಿಸಿದ ಕೈ ನನ್ನದು. ಅವರ ಬೆನ್ನಿನ ಮಚ್ಚೆ, ಸೊಂಟದ ಹೊಲಿಗೆ ಎಲ್ಲ ಈ ಕೈಗೆ ಗೊತ್ತು. ಈಗ ನನ್ನನ್ನು ತೊಳೆದುಕೊಳ್ಳಲು ಅವರಿಗೆ ಸ್ನಾನ. ಮೂರು ವರ್ಷ ಉಂಡದ್ದನ್ನು ಎಷ್ಟು ನೀರಿನಲ್ಲಿ ತೊಳೆಯುತ್ತಾರೋ ತೊಳೆಯಲಿ.

"ಹಾವಿಗೆ ಹಾಲೆರೆದ ಹಾಗಾಯ್ತು," ಅಂದರು ಲಾವಣ್ಯಕ್ಕ. ಅಳುತ್ತಿದ್ದರು. "ನಿನಗೋಸ್ಕರ ಎಷ್ಟು ಸುಳ್ಳು ಹೇಳಿದೆ ನಾನು! ಮೂರು ವರ್ಷ ನಿನ್ನನ್ನ ಕಾಪಾಡ್ಕೊಂಡು ಬಂದೆ."

"ಹಾಲು ಕಾಯ್ಸಿದ್ದೂ ನಾನೇ ಅಕ್ಕ. ನೀವು ಕಾಪಾಡಿದ್ದು ನಿಮ್ಮ ಅಡುಗೆಮನೇನ."

ಮಂಜರಿ ಅಕ್ಕ ತಟ್ಟೆ ದೂಡಿದರು. "ಅತ್ತಿಗೆ, ಇವಳನ್ನ ನನ್ನ ಮಗು ಹತ್ರ ಬಿಡೋಕೆ ಹೊರಟಿದ್ರಾ ನೀವು?"

"ನಾ ಬತ್ತೀನಿ ಅಂದಿಲ್ಲ," ಅಂದೆ. "ನನ್ನ ಯಾರೂ ಕೇಳೇ ಇಲ್ಲ."

ಸಾರ್ ದನಿ ಏರಿಸುವವರಲ್ಲ. ಕಾರಿನ ಬ್ರೇಕಿಗೆ ಪ್ರೋಗ್ರಾಂ ಬರೆಯುವ ಇಂಜಿನಿಯರು, ಎಲ್ಲವನ್ನೂ ಮೆಲ್ಲಗೆ ನಿಲ್ಲಿಸಿ ಅಭ್ಯಾಸ. "ನೋಡು, ಕೋಪದಲ್ಲಿ ಏನೂ ಮಾಡ್ಬೇಡ. ನಿನ್ನ ವೀಸಾ ನಮ್ಮ ಮೇಲಿದೆ. ಈ ಮನೆ ಬಿಟ್ರೆ ಈ ದೇಶದಲ್ಲಿ ನಿನಗೆ ಜಾಗ ಇಲ್ಲ."

"ಗೊತ್ತು ಸಾರ್. ಊರ್ಗೆ ಓಯ್ತೀನಿ. ಪಾಸ್‌ಪೋರ್ಟ್ ಕೊಡಿ."

"ಅದು ಲಾಕರ್‌ನಲ್ಲಿದೆ. ಆಮೇಲೆ ನೋಡೋಣ."

ನೋಡೋಣ. ನನ್ನ ಅವ್ವನ ಎಡಗಣ್ಣು ತಿಂದ ಮಾತು ಅದು. ಬೇಸ್‌ಮೆಂಟಿಗೆ ಇಳಿದು ಚೀಲ ತಂದೆ. ನೀಲಗಂಗಾಗೆ, "ಬಂದ್ಬುಡಿ," ಅಂತ ನನ್ನ ಫೋನಿನಿಂದ ದನಿ ಮೆಸೇಜ್ ಕಳಿಸಿದೆ. ಮುಂಬಾಗಿಲಿನಿಂದ ಹೊರಗೆ ಬಂದೆ. ಡ್ರೈವ್‌ವೇಯಲ್ಲಿ ಲಿಸ್ಲ್‌ನವರ ಕಾರು ಮೂತಿ ಮನೆಯ ಕಡೆ ಮಾಡಿ ನಿಂತಿತ್ತು, ಇಂಜಿನ್ ಓಡುತ್ತಿತ್ತು. ಅದರ ಹಿಂದೆ, ನೆಲದ ಮೇಲೆ, ಚೀಲ ಪಕ್ಕಕ್ಕಿಟ್ಟುಕೊಂಡು ಕೂತುಬಿಟ್ಟೆ.

ಅಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೂವತ್ತೆಂಟು ಡಿಗ್ರಿ, ನಮ್ಮೂರ ಲೆಕ್ಕದಲ್ಲಿ ಮೂರೇ ಡಿಗ್ರಿ ಚಳಿ. ಕಾಂಕ್ರೀಟು ಸೀರೆಯ ಒಳಗಿಂದ ಮೂಳೆಗೆ ಹತ್ತಿತು. ನಮ್ಮೂರಲ್ಲಿ ಕೂಲಿ ಕೊಡದಿದ್ದಾಗ ನಮ್ಮವ್ವ, ಚಿಕ್ಕವ್ವ ಎಲ್ಲ ಪಂಚಾಯ್ತಿ ಕಟ್ಟೆ ಮುಂದೆ ಹೀಗೇ ಕೂರುತ್ತಿದ್ದರು. ಈ ಬಡಾವಣೆ ಧರಣಿ ಕಂಡಿರಲಿಲ್ಲ, ಇವತ್ತು ಕಾಣಲಿ ಅಂದುಕೊಂಡೆ.

ಮಂಜರಿ ಅಕ್ಕ ದಡದಡನೆ ಬಂದು ಕಾರು ಹತ್ತಿದರು. ಅವರ ಗಂಡ ರಿವರ್ಸ್ ಹಾಕಿದರು. ಕಾರು ನನ್ನನ್ನು ಕಂಡು ಬೀಪ್ ಬೀಪ್ ಅಂತ ಕೂಗಿತು, ಒಂದು ಅಂಗುಲವೂ ಚಲಿಸಲಿಲ್ಲ. ಆ ಮನೆಯವರ ಪೈಕಿ ನನ್ನನ್ನು ಕಂಡು ನಿಂತದ್ದು ಆ ಕಾರೊಂದೇ.

"ಏಳು! ಜನ ನೋಡ್ತಿದಾರೆ," ಅಂದರು ಲಾವಣ್ಯಕ್ಕ ಬಾಗಿಲಿನಿಂದ.

"ನೋಡ್ಲಿ ಅಂತಲೇ ಕೂತಿರೋದು."

ಎದುರುಮನೆಯ ಬಿಳಿ ಹೆಂಗಸು ನಾಯಿ ಹಿಡಿದುಕೊಂಡು ಬರುತ್ತಿದ್ದವರು ನಿಂತರು. ನನ್ನನ್ನು ನೋಡಿ ಏನೋ ಕೇಳಿದರು. ಸಾರ್ ನಗುತ್ತ ಓಡಿಬಂದು, "ಆಲ್ ಗುಡ್, ಆಲ್ ಗುಡ್," ಅಂದರು. ಆ ಹೆಂಗಸು ಅವರನ್ನು ಬಿಟ್ಟು ನನ್ನನ್ನೇ ಮತ್ತೆ ಕೇಳಿದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಮನೆಯ ಕಡೆ ಬೆರಳು ತೋರಿಸಿ, "ಮೈ ಪಾಸ್‌ಪೋರ್ಟ್," ಅಂದೆ. ಅವರ ಮುಖ ಗಟ್ಟಿಯಾಯಿತು. ಜೇಬಿನಿಂದ ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು. ನಾಯಿಯೂ ಕೂತಿತು.

ಸಾರ್ ಒಳಗೆ ಹೋದರು. ಲಾಕರು ತೆರೆಯಲು ಎರಡು ನಿಮಿಷವೂ ಬೇಕಾಗಲಿಲ್ಲ.

ಪಾಸ್‌ಪೋರ್ಟ್ ಹಿಡಿದು ಬಂದು ನನ್ನ ಮುಂದೆ ನಿಂತರು. ನಾನು ಕೂತಲ್ಲಿಂದಲೇ ಕೈ ಚಾಚಿದೆ. ಈ ದೇಶಕ್ಕೆ ಬಂದು ಹದಿನೆಂಟು ವರ್ಷ ಆದವರು. ನಿನ್ನೆ ರಾತ್ರಿಯವರೆಗೂ ಕಾಫಿ, ನೀರು, ಊಟ ಎಲ್ಲ ನನ್ನ ಕೈಯಿಂದಲೇ ಇಸಿದುಕೊಂಡವರು. ಅವರ ಕೈ ನನ್ನ ಅಂಗೈಗಿಂತ ಒಂದಡಿ ಮೇಲೆ ನಿಂತಿತು. ನಮ್ಮೂರ ಅಂಗಡಿಯವನು ಚಿಲ್ಲರೆ ಹಾಕುತ್ತಿದ್ದ ಎತ್ತರವೇ ಅದು. ಯಾರೂ ಹೇಳಿಕೊಟ್ಟಿರಲಾರರು, ಕೈಗೆ ತಾನಾಗಿ ಬಂತು. ಅಲ್ಲಿಂದ ಪಾಸ್‌ಪೋರ್ಟನ್ನು ಬಿಟ್ಟರು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅದು ನೆಲಕ್ಕೆ ಬಿತ್ತು.

"ಕೈಗೆ ಕೊಡಿ," ಅಂದೆ.

ಸಾರ್ ನನ್ನನ್ನು ನೋಡಿದರು. ನಾಯಿ ಹಿಡಿದ ಹೆಂಗಸನ್ನು ನೋಡಿದರು. ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದರು. ನಾನು ಕೈಯನ್ನು ಮತ್ತೆ ಚಾಚಿ ಹಾಗೇ ಹಿಡಿದಿದ್ದೆ. ಬೆರಳ ಸಂದು ಚಳಿಗೆ ಬಿರಿದು ಉರಿಯುತ್ತಿತ್ತು. ಬೀದಿಯ ತಿರುವಿನಲ್ಲಿ ನೀಲಗಂಗಾಳ ಕಾರು ಕಾಣಿಸಿತು. ಆದರೂ ಏಳಲಿಲ್ಲ.

ಸಾರ್ ಬಗ್ಗಿದರು. ಪಾಸ್‌ಪೋರ್ಟ್ ಎತ್ತಿದರು. ಅಂಟಿದ ಮರಳನ್ನು ಪ್ಯಾಂಟಿಗೆ ಒರೆಸಿದರು. ನನ್ನ ಅಂಗೈಯ ಮೇಲೆ ಇಟ್ಟರು. ಅವರ ಬೆರಳು ನನಗೆ ತಾಗಿತು.

ತೆರೆದು ಫೋಟೋ ನೋಡಿದೆ, ಹೆಸರು ಓದಿದೆ. ಆಮೇಲೆ ಎದ್ದು ಕಾರಿಗೆ ದಾರಿ ಬಿಟ್ಟೆ.